ಚಿಕ್ಕಿಯ ಬಿಲ್ಲೆ

ನಾನು ಬೆಳೆದ ಮನೆಯ ಒಳಗೋಡೆಗಳು ಮಾಡನ್ನು ಮುಟ್ಟುತ್ತಿರಲಿಲ್ಲ. ಆಳೆತ್ತರಕ್ಕೆ ಚಿರೆಕಲ್ಲು, ಅಲ್ಲಿಂದ ಹಂಚಿನವರೆಗೆ ಬರೀ ಗಾಳಿ. ಸಮುದ್ರದ ಉಪ್ಪುಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗಲಿ ಎಂದು ಹಿರಿಯರು ಹಾಗೆ ಕಟ್ಟಿದ್ದರಂತೆ. ಗಾಳಿಯ ಜೊತೆ ಮಾತೂ ಓಡಾಡುತ್ತದೆ ಎಂಬುದನ್ನು ಅವರು ಯೋಚಿಸಿರಲಿಕ್ಕಿಲ್ಲ. ಜಗಲಿಯಲ್ಲಿ ಬಲೆ ಸರಿಮಾಡುತ್ತ ಅಪ್ಪ ಗೊಣಗಿದ್ದು ಅಡುಗೆಮನೆಗೆ ಕೇಳುತ್ತಿತ್ತು, ಅಡುಗೆಮನೆಯಲ್ಲಿ ಆಯಿ, ಅಂದರೆ ನನ್ನ ಅಮ್ಮ, ನಿಟ್ಟುಸಿರು ಬಿಟ್ಟರೆ ನಡುಮನೆಯಲ್ಲಿ ಟೀವಿ ನೋಡುತ್ತಿದ್ದವರು ತಿರುಗಿ ನೋಡುತ್ತಿದ್ದರು. ಆ ಮನೆಯಲ್ಲಿ ಗುಟ್ಟು ಎಂಬ ಪದಾರ್ಥ ಇರಲೇ ಇಲ್ಲ. ನನಗೆ ಈಗಲೂ ಪಿಸುಮಾತು ಆಡಲು ಬರುವುದಿಲ್ಲ. ಕಾರವಾರದ ನಮ್ಮ ಫ್ಲ್ಯಾಟಿನ ನೆರೆಯವರು ಇದನ್ನು ಆಣೆಯಿಟ್ಟು ಹೇಳುತ್ತಾರೆ.

ಆ ಗೋಡೆಗಳ ಮೇಲಿಂದ ಹಾರಿಬರುತ್ತಿದ್ದ ಮಾತುಗಳಲ್ಲಿ ಮುಕ್ಕಾಲು ಪಾಲು ಅಜ್ಜಿ ಮತ್ತು ಚಿಕ್ಕಿಯ ಜಗಳ. ಅಜ್ಜಿ ಅಂದರೆ ಅಪ್ಪನ ತಾಯಿ, ಕೇಣಿಯ ನಮ್ಮ ಕೇರಿಯಲ್ಲೇ ದೊಡ್ಡ ಗಂಟಲಿನವಳು. ಚಿಕ್ಕಿ ಅಂದರೆ ಅಪ್ಪನ ತಮ್ಮನ ಹೆಂಡತಿ ಶೇವಂತಿ, ಮಂಜಗುಣಿಯಿಂದ ಮದುವೆಯಾಗಿ ಬಂದವಳು. ಇಬ್ಬರೂ ಬೆಳಿಗ್ಗೆ ಒಟ್ಟಿಗೆ ಬುಟ್ಟಿ ಹೊತ್ತು ಅಂಕೋಲೆ ಪೇಟೆಗೆ ಮೀನು ಮಾರಲು ಹೋಗುತ್ತಿದ್ದರು, ಪಕ್ಕಪಕ್ಕದಲ್ಲೇ ಕೂರುತ್ತಿದ್ದರು, ಒಟ್ಟಿಗೇ ಬರುತ್ತಿದ್ದರು, ಬಂದವರೇ ಬಂಗಡೆ ಸಾರಿನ ಮೇಲೆ ಜಗಳಕ್ಕೆ ಬೀಳುತ್ತಿದ್ದರು. ಮಂಜಗುಣಿಯವರು ಹುಣಸೆಹುಳಿ ಹೆಚ್ಚು ಹಾಕುತ್ತಾರೆ ಎನ್ನುವುದು ಅಜ್ಜಿಯ ತಕರಾರು. ಕೇಣಿಯವರ ಸಾರಿನಲ್ಲಿ ಮುಖ ತೊಳೆಯಬಹುದು ಎನ್ನುವುದು ಚಿಕ್ಕಿಯ ಉತ್ತರ. ಆಯಿ ಇಬ್ಬರ ನಡುವೆ ಕೂತು ಸದ್ದಿಲ್ಲದೆ ಕಾಯಿ ತುರಿಯುತ್ತಿದ್ದಳು. ಊಟಕ್ಕೆ ಕೂತಾಗ ಮಾತ್ರ ಮೀನಿನ ನಡುಭಾಗದ ಹೋಳು ಅಜ್ಜಿಯ ಕೈಯಿಂದ ಚಿಕ್ಕಿಯ ತಟ್ಟೆಗೇ ಬೀಳುತ್ತಿತ್ತು. ನನಗೆ ಆಗ ಕಾಣುತ್ತಿದ್ದದ್ದು ಹೋಳು ತಪ್ಪಿತು ಎಂಬುದಷ್ಟೇ.

ಚಿಕ್ಕಪ್ಪ ರತ್ನಾಗಿರಿ ಕಡೆಯ ಬೋಟಿಗೆ ಕೆಲಸಕ್ಕೆಂದು ಹೋದವನು. ಮೊದಮೊದಲು ಮೂಲೆಯಂಗಡಿಯ ಕಾಯಿನ್ ಫೋನಿಗೆ ಅವನ ಕರೆ ಬರುತ್ತಿತ್ತು. ಅಂಗಡಿಯ ಹುಡುಗ ಕೂಗಿದ ಕೂಡಲೇ ಚಿಕ್ಕಿ ಕೈತೊಳೆಯದೆ ಓಡುತ್ತಿದ್ದಳು. ಆಮೇಲೆ ಕರೆ ನಿಂತಿತು. ಆ ಕಡೆಯಿಂದ ಊರಿಗೆ ಬಂದವರು ಅವನು ಚೆನ್ನಾಗಿದ್ದಾನೆ ಎಂದರು, ಇನ್ನೊಮ್ಮೆ ಬಂದವರು ಅಲ್ಲಿ ಅವನಿಗೆ ಬೇರೆ ಸಂಸಾರವೇ ಆಗಿದೆ ಎಂದರು. ಅವತ್ತು ಅಜ್ಜಿ ದಿನವಿಡೀ ಬಾಯಿ ಬಿಡಲಿಲ್ಲ. ಮಕ್ಕಳಿಲ್ಲದ ಚಿಕ್ಕಿಯ ಕೋಣೆಯಲ್ಲಿ ಮಲಗುತ್ತಿದ್ದವಳು ನಾನು. ಅವಳ ಸೀರೆಯ ಸೆರಗು ಹಿಡಿದುಕೊಳ್ಳದೆ ನನಗೆ ನಿದ್ದೆ ಬರುತ್ತಿರಲಿಲ್ಲ. ಅವಳು ತಲೆ ಬಾಚಿದರೆ ನೋಯುತ್ತಿರಲಿಲ್ಲ, ಆಯಿ ಬಾಚಿದರೆ ಪ್ರಾಣ ಹೋಗುತ್ತಿತ್ತು. ಅವಳಿಲ್ಲದ ಮನೆ ನನಗೆ ಊಹೆಗೂ ಬರುತ್ತಿರಲಿಲ್ಲ.

ಇನ್ನು ಕಾರಂಜಿಯ ಕತೆ ಹೇಳಬೇಕು. ನಮ್ಮ ಕೇರಿಯಿಂದ ಕಡಲಿಗಿಳಿಯುವ ದಾರಿ ಡಾಂಬರು ರಸ್ತೆಯನ್ನು ಸೇರುವಲ್ಲಿ ಒಂದು ಕಲ್ಲಿನ ತೊಟ್ಟಿ, ಅದರ ಹಿಂದೆ ಒಂದು ಎತ್ತರದ ಗೋಡೆ. ಹಿಂದೆ ಗೋವೆಗೆ ಉಪ್ಪು ಸಾಗಿಸುತ್ತಿದ್ದ ಯಾರೋ ಹಡಗಿನ ಯಜಮಾನ ತಾಯಿಯ ನೆನಪಿಗೆ ಕಟ್ಟಿಸಿದ್ದಂತೆ. ಗುಡ್ಡದ ಒರತೆಯ ನೀರು ಕೊಳವೆಯಲ್ಲಿ ಬಂದು ತೊಟ್ಟಿಯ ನಡುವೆ ಮೇಲಕ್ಕೆ ಚಿಮ್ಮುತ್ತಿತ್ತಂತೆ. ನಾನು ನೋಡುವ ಹೊತ್ತಿಗೆ ಅದು ಚಿಮ್ಮುವುದನ್ನು ಬಿಟ್ಟು ಸುಮ್ಮನೆ ಸುರಿಯುತ್ತಿತ್ತು. ಆದರೂ ಹೆಸರು ಕಾರಂಜಿಯೇ. ಹಿಂದಿನ ಗೋಡೆಯ ತುಂಬ ಗೋವೆಯಿಂದ ತಂದ ಚೌಕದ ಪಿಂಗಾಣಿ ಬಿಲ್ಲೆಗಳು, ಬಿಳಿಯ ಮೇಲೆ ನೀಲಿ ಚಿತ್ರ. ಹಾಯಿಹಡಗು, ಏಡಿ, ತೆಂಗಿನಮರ, ಶಂಖ, ಬಗೆಬಗೆಯ ಮೀನು. ಒಂದು ಮೀನಿಗಂತೂ ಕಿವಿ ಇತ್ತು. ಬರೆದವನು ಕಡಲನ್ನು ಕಂಡವನಲ್ಲ ಎಂದು ನಮ್ಮ ಕೇರಿಯ ಗಂಡಸರು ನಗುತ್ತಿದ್ದರು.

ಆ ಗೋಡೆ ಮಾತ್ರ ಹೆಂಗಸರದು. ಮದುವೆಯಾಗಿ ಕೇರಿಗೆ ಬಂದ ಹೆಣ್ಣನ್ನು ಮಾರನೆಯ ಬೆಳಿಗ್ಗೆ ಅಲ್ಲಿಗೆ ಕರೆದೊಯ್ಯುತ್ತಿದ್ದರು. ಅವಳು ಕಣ್ಣುಮುಚ್ಚಿ ಬೊಗಸೆಯ ನೀರನ್ನು ಗೋಡೆಗೆ ಎರಚಬೇಕು. ನೀರು ಎಲ್ಲಿ ಬಡಿಯಿತೋ ಆ ಬಿಲ್ಲೆ ಅವಳದು. ಅದು ಆಗಲೇ ಬೇರೆಯವಳದಾಗಿದ್ದರೆ ಇನ್ನೊಮ್ಮೆ ಎರಚಬೇಕು, ಎಲ್ಲಿ ಬಡಿಯಿತು ಎಂಬುದರ ಬಗ್ಗೆ ದೊಡ್ಡವರು ಜಗಳವಾಡಿ ತೀರ್ಮಾನ ಹೇಳಬೇಕು. ಅಂದಿನಿಂದ ಪೇಟೆಗೆ ಹೋಗುವಾಗ ತನ್ನ ಬಿಲ್ಲೆಗೊಂದು ಕೈ ನೀರು, ಬಂದಾಗ ಅದರ ಕೆಳಗೇ ಬುಟ್ಟಿ ತೊಳೆಯುವುದು, ಚೌತಿಯ ದಿನ ಅರಿಶಿನ ಕುಂಕುಮ. ಹುಷಾರಿಲ್ಲದವಳ ಬಿಲ್ಲೆಗೆ ಪಕ್ಕದವಳು ನೀರು ಹಾಕುತ್ತಿದ್ದಳು. ಒಬ್ಬಳು ತೀರಿಕೊಂಡರೆ ಅವಳ ಬಿಲ್ಲೆ ಮುಂದೆ ಬರುವ ಮದುಮಗಳಿಗೆ. ಅಜ್ಜಿಯದು ಹಾಯಿಹಡಗು. ಆಯಿಯದು ಏಡಿ, ಅದಕ್ಕೆ ಅಪ್ಪ ಜೀವಮಾನವಿಡೀ ಅವಳನ್ನು ಗೋಳುಹೊಯ್ದ. ಚಿಕ್ಕಿಯದು ಒಂದು ದಪ್ಪ ಮೀನು, ಇಸ್ವಣದ ಹಾಗಿತ್ತು. ಗಂಡ ಬಿಟ್ಟುಹೋದ ಮೇಲೂ ಅವಳು ಒಂದು ದಿನವೂ ಅದಕ್ಕೆ ನೀರು ತಪ್ಪಿಸಲಿಲ್ಲ. ಆ ಬಿಲ್ಲೆ ಇರುವ ತನಕ ಅವಳು ನಮ್ಮ ಕೇರಿಯವಳು, ಅದನ್ನು ಯಾರೂ ಪ್ರಶ್ನಿಸುವಂತಿರಲಿಲ್ಲ.

ಹಾಗಿರುವಾಗ ಒಂದು ಮಧ್ಯಾಹ್ನ ಮಂಜುಗಡ್ಡೆ ತಂದ ಲಾರಿ ಹಿಂದಕ್ಕೆ ಬರುತ್ತ ಗೋಡೆಗೆ ಗುದ್ದಿತು. ಗೋಡೆ ಬೀಳಲಿಲ್ಲ, ಒಂದು ಪಕ್ಕದ ಬಿಲ್ಲೆಗಳೆಲ್ಲ ಉದುರಿದವು. ಕೇರಿಯ ಹೆಂಗಸರು ಬುಟ್ಟಿ ಹಿಡಿದು ಓಡಿದರು. ಚಾಲಕನನ್ನು ಬೈಯುವ ಕೆಲಸವನ್ನು ಅಜ್ಜಿಗೆ ವಹಿಸಿ ಉಳಿದವರು ಚೂರುಗಳನ್ನು ಆರಿಸಿದರು. ಅಜ್ಜಿ ಮತ್ತು ಆಯಿಯ ಬಿಲ್ಲೆಗಳು ಇನ್ನೊಂದು ಪಕ್ಕದಲ್ಲಿ ಗಟ್ಟಿಯಾಗಿದ್ದವು. ಚಿಕ್ಕಿಯ ಮೀನು ಎರಡು ಹೋಳಾಗಿತ್ತು, ತಲೆ ಒಂದು ಕಡೆ, ಬಾಲ ಒಂದು ಕಡೆ. ಅವಳು ಎರಡನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಬಂದು ಕೋಣೆಯ ಗೂಡಿನಲ್ಲಿಟ್ಟಳು. ನನ್ನನ್ನು ಮುಟ್ಟಲೂ ಬಿಡಲಿಲ್ಲ.

ಸುದ್ದಿ ಮಂಜಗುಣಿಗೆ ಹೋಗಲು ಎಷ್ಟು ಹೊತ್ತು. ಚಿಕ್ಕಿಯ ಅಣ್ಣ ದಾಮು ಬಂದ. ಅವನು ಒಳ್ಳೆಯ ಮನುಷ್ಯ, ತಂಗಿಯ ಬದುಕು ಹೀಗಾಯಿತಲ್ಲ ಎಂಬ ಸಂಕಟ ಅವನಿಗೆ ನಿಜವಾಗಿಯೂ ಇತ್ತು. ಕೋಣೆಯಲ್ಲಿ ಕೂತು ಅವನು ಮಾತಾಡಿದ್ದು ಗೋಡೆಯ ಮೇಲಿಂದ ಇಡೀ ಮನೆಗೆ ಕೇಳಿಸಿತು.

“ಬಾ ಮನೆಗೆ. ಗಂಡ ಇಲ್ಲ, ಮಕ್ಳಿಲ್ಲ. ಒಂದು ಬಿಲ್ಲೆ ಇತ್ತು, ಅದೂ ಒಡದು ಹೋಯ್ತು. ಇನ್ನು ಎಂತಕ್ಕೆ ಇಲ್ಲಿರೂದು ನೀನು?”

ಗೂಡಿನಲ್ಲಿದ್ದ ಹೋಳುಗಳು ಒಂದಕ್ಕೊಂದು ತಾಗಿದ ಸದ್ದಿನ ಹಿಂದೆಯೇ ಚಿಕ್ಕಿಯ ದನಿ ಬಂತು.

“ಗೋಡೆ ಆಗ್ಲಿ ಅಣ್ಣ. ನನ್ನ ಬಿಲ್ಲೆ ತಿರುಗಿ ಅಲ್ಲಿ ಕೂತ್ರೆ ನಾ ಇಲ್ಲೇ ಇರ್ತೆ. ಇಲ್ದಿದ್ರೆ ನೀ ಕರದಾಗ ಬತ್ತೆ.”

ನಾನು ಅಡುಗೆಮನೆಯಲ್ಲಿ ಅಜ್ಜಿಯ ಪಕ್ಕ ಕೂತಿದ್ದೆ. ಅಜ್ಜಿಗೂ ಕೇಳಿತ್ತು. ಎದ್ದುಹೋಗಿ ‘ಬಿಲ್ಲೆ ಇರಲಿ ಬಿಡಲಿ, ನೀನು ಎಲ್ಲಿಗೂ ಹೋಗಬೇಡ’ ಎಂದು ಅವಳು ಕೂಗುತ್ತಾಳೆ ಎಂದು ಕಾದೆ. ಬೀದಿಯ ನಾಯಿಗೂ ಬುದ್ಧಿ ಹೇಳುತ್ತಿದ್ದ ಅಜ್ಜಿ ಅವತ್ತು ಒಲೆಯ ಕಟ್ಟಿಗೆ ಸರಿಮಾಡುತ್ತ ಕೂತುಬಿಟ್ಟಳು. ಅವಳಿಗೆ ಚಿಕ್ಕಿ ಬೇಡವಾಗಿದ್ದಾಳೆ, ಇಷ್ಟು ದಿನದ ಜಗಳವೆಲ್ಲ ಅದಕ್ಕೇ ಎಂದು ನಾನು ತೀರ್ಮಾನಿಸಿದೆ. ನನಗೆ ಅಜ್ಜಿಯ ಮೇಲೆ ಎಂಥ ಸಿಟ್ಟು ಬಂತೆಂದರೆ ಅವಳು ಕೊಟ್ಟ ಚಕ್ಕುಲಿಯನ್ನು ಕೋಳಿಗೆ ಹಾಕಿದೆ.

ಕಾರಂಜಿಯ ಬಗ್ಗೆ ಕೇರಿಯ ಗಂಡಸರು ಸಭೆ ಸೇರಿದರು. ಪಂಚಾಯತಿಯವರು ಹೊಸ ಟೈಲ್ಸು ಕೊಡಿಸಲು ಒಪ್ಪಿದ್ದರು. ಒಂದು ಪಕ್ಕ ಹಳೆಯದು ಇನ್ನೊಂದು ಪಕ್ಕ ಹೊಸದು ಚೆಂದ ಕಾಣುವುದಿಲ್ಲ, ಎಲ್ಲವನ್ನೂ ಕಿತ್ತು ಪೂರ್ತಿ ಹೊಸದೇ ಹಾಕೋಣ ಎಂದರು. ಹಾಗೆಂದವರಲ್ಲಿ ಅಪ್ಪನೂ ಒಬ್ಬ. ಅವನ ಮಾತೂ ಸುಳ್ಳಲ್ಲ. ಒಡೆದ ಅಂಚುಗಳು ಮಕ್ಕಳ ಕೈಕಾಲು ಕುಯ್ಯುತ್ತಿದ್ದವು, ಸಂದಿಗಳಲ್ಲಿ ಪಾಚಿ ಕಟ್ಟಿ ನಾರುತ್ತಿತ್ತು. ಮನೆಗೆ ಬಂದು ಅದನ್ನೇ ಹೇಳಿದಾಗ ಜೀವಮಾನದಲ್ಲಿ ಮೊದಲ ಬಾರಿ ಆಯಿ ತುರಿಮಣೆಯಿಂದ ಎದ್ದಳು.

“ನನ್ನ ಏಡಿ ಕಿತ್ರೆ ಗೊತ್ತದೆ ನಿಮ್ಗೆ.”

“ಅದೊಂದು ಬಿಲ್ಲೆ ಮಾರಾಯ್ತಿ. ಹೊಸದ್ರಲ್ಲೂ ಏಡಿ ಇರೂದು ತರ್ಸೂವಾ.”

“ನೀವು ಹೊಸ ಹೆಂಡ್ತಿನೂ ತರ್ಸಿ ಹಾಂಗಾದ್ರೆ.”

ಮಾತು ಬಾಯಿಂದ ಬಿದ್ದ ಮೇಲೆ ಆಯಿ ನಾಲಿಗೆ ಕಚ್ಚಿಕೊಂಡು ಚಿಕ್ಕಿಯ ಕೋಣೆಯ ಕಡೆ ನೋಡಿದಳು. ಅಪ್ಪ ತಲೆ ಕೆರೆದುಕೊಂಡು ಹೊರಗೆ ಹೋದವನು, ಹಳೆಯದನ್ನೇ ಕೂರಿಸುವ ಜವಾಬ್ದಾರಿಯನ್ನು ತಾನೇ ಹೊತ್ತುಕೊಂಡು ತಿರುಗಿ ಬಂದ. ಹೆಂಡತಿಗೆ ಹೆದರಿ ಅಂತ ಕೇರಿ ನಕ್ಕಿತು. ಅಪ್ಪನಿಗೆ ಅದರ ಪರಿವೆ ಇರಲಿಲ್ಲ, ಒಮ್ಮೆ ಹಿಡಿದ ಕೆಲಸವನ್ನು ಅವನು ಪ್ರೀತಿಯಿಂದ ಮಾಡುತ್ತಿದ್ದ.

ಆದರೆ ಅವನಿಗೆ ಗೊತ್ತಿದ್ದದ್ದು ದೋಣಿ ಒಂದೇ. ದೋಣಿಯ ಹಲಗೆಗಳ ಸಂದಿಗೆ ನೀರು ಇಳಿಯದಂತೆ ನಮ್ಮವರು ರಾಳವನ್ನು ಎಣ್ಣೆಯಲ್ಲಿ ಕಾಯಿಸಿ ತುಂಬುತ್ತಾರೆ. ಕಡಲಿನ ನೀರನ್ನೇ ತಡೆಯುವ ಅಂಟು ತೊಟ್ಟಿಯ ನೀರನ್ನು ತಡೆಯಲಾರದೆ? ಗಂಡಸರೆಲ್ಲ ತಲೆಯಾಡಿಸಿದರು. ದೊಡ್ಡ ಬಾಣಲೆಯಲ್ಲಿ ರಾಳ ಕುದಿಯಿತು, ಕೇರಿಯಿಡೀ ಹೊಸ ದೋಣಿ ಇಳಿಸುವ ಹಿಂದಿನ ದಿನದಂತೆ ಘಮಘಮಿಸಿತು. ಬಿಲ್ಲೆಗಳ ಬೆನ್ನಿಗೆ ಅದನ್ನು ಧಾರಾಳವಾಗಿ ಮೆತ್ತಿ ಗೋಡೆಗೆ ಒತ್ತಿದರು. ಚಿಕ್ಕಿ ತನ್ನ ಮೀನಿನ ಎರಡು ಹೋಳುಗಳನ್ನು ತಾನೇ ಕೂರಿಸಿದಳು. ಒಂದು ಕೂದಲಿನಷ್ಟು ಕಪ್ಪು ಗೆರೆ ಬಿಟ್ಟರೆ ಮೀನು ಮೊದಲಿನಂತೆಯೇ ಇತ್ತು. ಅವಳು ಬೊಗಸೆ ನೀರು ಹಾಕಿದಳು, ನಾನೂ ಹಾಕಿದೆ. ಆ ಚಳಿಗಾಲವೆಲ್ಲ ನಾನು ನೆಮ್ಮದಿಯಿಂದ ಮಲಗಿದೆ.

ಶಿವರಾತ್ರಿ ಕಳೆದು ಬಿಸಿಲು ಏರಿತು. ದೋಣಿಯ ಅಡಿಭಾಗ ಸದಾ ನೀರಿನಲ್ಲಿ ತಂಪಾಗಿರುತ್ತದೆ, ಪಶ್ಚಿಮಕ್ಕೆ ಮುಖಮಾಡಿದ ಗೋಡೆ ಹಾಗಲ್ಲ ಎಂಬುದು ಆವರೆಗೆ ಯಾರಿಗೂ ಹೊಳೆದಿರಲಿಲ್ಲ. ಒಂದು ಮಧ್ಯಾಹ್ನ ಕಾರಂಜಿಯ ಹತ್ತಿರ ಆಡುತ್ತಿದ್ದ ಮಕ್ಕಳು ಬಂದು ಬಿಲ್ಲೆಗಳು ನಡೆಯುತ್ತಿವೆ ಎಂದರು. ಹೋಗಿ ನೋಡಿದರೆ ಸುಳ್ಳಲ್ಲ. ರಾಳ ಕರಗಿ ಶಂಖ ತೆಂಗಿನಮರದ ಬುಡಕ್ಕೆ ಇಳಿದಿತ್ತು, ಕಿವಿಯ ಮೀನು ಓರೆಯಾಗಿ ಜಾರುತ್ತಿತ್ತು. ಕೆಲವು ಮೆಲ್ಲಗೆ ಇಳಿದು ತೊಟ್ಟಿಯ ನೀರಿನಲ್ಲಿ ಬಿದ್ದು ಉಳಿದುಕೊಂಡವು. ಗಂಡಸರು ಹೊಟ್ಟೆ ಹಿಡಿದು ನಕ್ಕರು, ಅಪ್ಪನೂ ನಕ್ಕ. ಚಿಕ್ಕಿ ಪೇಟೆಯಿಂದ ಬರುವಷ್ಟರಲ್ಲಿ ಅವಳ ಮೀನಿನ ತಲೆ ತೊಟ್ಟಿಯ ಕಲ್ಲಂಚಿಗೆ ಬಡಿದು ನುಚ್ಚಾಗಿತ್ತು. ಉಳಿದದ್ದು ಬಾಲದ ಹೋಳೊಂದೇ. ಅದನ್ನೆತ್ತಿ ರಾಳ ಒರೆಸಿ ಮನೆಗೆ ನಡೆದಳು. ನನಗೆ ನಗು ನಿಂತುಹೋಯಿತು.

ಸಭೆ ಮತ್ತೆ ಸೇರಿತು, ಈ ಸಲ ಯಾರ ಮಾತೂ ನಡೆಯಲಿಲ್ಲ. ಎಲ್ಲ ಹೊಸದೇ ಎಂದಾಯಿತು. ಬಿಳಿಯ ಟೈಲ್ಸಿನ ಪೆಟ್ಟಿಗೆಗಳು ಪಂಚಾಯತಿ ಜಗಲಿಗೆ ಬಂದವು. ಮಂಜಗುಣಿಯಿಂದ ದಾಮು ಹೇಳಿಕಳಿಸಿದ, ಬರುವ ಸೋಮವಾರ ಬರುತ್ತೇನೆ, ಬಟ್ಟೆಬರೆ ಕಟ್ಟಿಟ್ಟುಕೋ. ಚಿಕ್ಕಿ ಟ್ರಂಕಿನ ಧೂಳು ಒರೆಸಿದಳು. ಮನೆಯಲ್ಲಿ ಜಗಳ ಪೂರ್ತಿ ನಿಂತಿತು. ಚಿಕ್ಕಿ ಮಾಡಿದ ಸಾರನ್ನು ಅಜ್ಜಿ ಚಕಾರವೆತ್ತದೆ ಉಂಡಳು. ಜಗಳವಾಡುವ ಮನೆಗೆ ನಾನು ಇಂದಿಗೂ ಹೆದರುವುದಿಲ್ಲ, ಸುಮ್ಮನಾದ ಮನೆ ಕಂಡರೆ ಹೆದರುತ್ತೇನೆ.

ಸೋಮವಾರಕ್ಕೆ ಮೊದಲೇ ಒಂದು ಬೆಳಿಗ್ಗೆ ಅಜ್ಜಿ ಮೀನುಬುಟ್ಟಿಯಲ್ಲಿ ಉದುರಿದ ಬಿಲ್ಲೆಗಳನ್ನೆಲ್ಲ ತುಂಬಿದಳು. ತಲೆಯ ಮೇಲಿಟ್ಟುಕೊಂಡು ನನ್ನ ಕೈ ಹಿಡಿದು ಕಾರವಾರದ ಬಸ್ಸು ಹತ್ತಿದಳು. ಕಂಡಕ್ಟರು ಮೂಗು ಮುಚ್ಚಿಕೊಂಡು ಮೀನು ಬೇಡ ಎಂದ. ಮೀನೇ, ಆದರೆ ನಾರುವುದಿಲ್ಲ ಎಂದು ಅಜ್ಜಿ ಬುಟ್ಟಿಯ ಬಟ್ಟೆ ಸರಿಸಿ ತೋರಿಸಿದಳು. ಶಿರವಾಡದಲ್ಲಿ ಇನಾಸ ಎಂಬ ಮೇಸ್ತ್ರಿ ಇದ್ದ, ಹಳೆಯ ಇಗರ್ಜಿಗಳ ನೆಲ ಸರಿಮಾಡುವವನು ಎಂದು ಪೇಟೆಯಲ್ಲಿ ಯಾರೋ ಗಿರಾಕಿ ಅವಳಿಗೆ ಹೇಳಿದ್ದರಂತೆ. ಅವನು ಬಿಲ್ಲೆಗಳನ್ನು ಅಂಗಳದಲ್ಲಿ ಹರಡಿ ನೋಡಿದ. ಗಟ್ಟಿ ಇದ್ದವನ್ನು ಸುಣ್ಣದ ಗಾರೆಯಲ್ಲಿ ಕೂರಿಸಬಹುದು, ಕಳೆದುಹೋದ ಕಡೆ ಹೊಸದು ಹಾಕಲೇಬೇಕು, ಅದಕ್ಕೆ ಬೇರೆ ದಾರಿಯಿಲ್ಲ ಎಂದ. ಅಜ್ಜಿ ಒಪ್ಪಿದಳು. ಅವನನ್ನು ಅದೇ ಬಸ್ಸಿಗೆ ಹತ್ತಿಸಿಕೊಂಡು ಬಂದು ಗಂಡಸರ ಎದುರು ನಿಲ್ಲಿಸಿದಳು. ರಾಳದ ಕೆಲಸದ ನಾಚಿಕೆ ಇನ್ನೂ ಆರದ ಅಪ್ಪನೇ ಎಲ್ಲರಿಗಿಂತ ಮೊದಲು ಹೂಂ ಎಂದ. ಪಂಚಾಯತಿಯ ಟೈಲ್ಸೂ ದಂಡವಾಗುವುದಿಲ್ಲ ಎಂದಾಗ ಉಳಿದವರೂ ಒಪ್ಪಿದರು.

ಸೋಮವಾರ ಬೆಳಿಗ್ಗೆ ಇನಾಸ ಕೆಲಸಕ್ಕೆ ಕೂತ. ಹೆಂಗಸರು ಸುತ್ತ ನಿಂತು ಯಾರದು ಎಲ್ಲಿತ್ತು ಎಂದು ಹೇಳುತ್ತ ಹೋದರು, ಅವನು ಕೂರಿಸುತ್ತ ಹೋದ. ಚಿಕ್ಕಿಯ ಜಾಗ ಬಂತು. ಅವಳು ಬಾಲದ ಹೋಳನ್ನು ಕೈಯಲ್ಲಿ ಹಿಡಿದು ಹಿಂದೆಯೇ ನಿಂತಿದ್ದಳು, ಕೊಡಲು ಮುಂದೆ ಬರಲಿಲ್ಲ. ಅಜ್ಜಿಯೇ ಅವಳ ಕೈಯಿಂದ ತೆಗೆದುಕೊಂಡು ಮೇಸ್ತ್ರಿಗೆ ಕೊಟ್ಟಳು.

“ಇದ್ರಲ್ಲಿ ಎಂತ ಉಳಿದಿಲ್ಲ ಅಮ್ಮ,” ಎಂದ ಇನಾಸ. “ಇಲ್ಲೊಂದು ಹೊಸದು ಇಡ್ತೆ, ಚೆಂದ ಕಾಣ್ತದೆ.”

“ನೀ ಪ್ಯಾಟೆಲಿ ಹೋಳು ಮಾಡಿದ ಮೀನು ತಕಂತ್ಯಲ್ಲ, ಯಾವ ಮೀನು ಅಂತ ಹ್ಯಾಂಗೆ ಗುರ್ತು ಮಾಡ್ತೆ?”

“ಬಾಲ ನೋಡಿ.”

“ಮತ್ತೆ? ಇದು ಯಾವ್ದು?”

ಇನಾಸ ಹೋಳನ್ನು ತಿರುಗಿಸಿ ನೋಡಿ ನಕ್ಕ. “ಇಸ್ವಣ.”

“ಹಾಂಗಾದ್ರೆ ಇಡು. ತಲೆ ಜಾಗಕ್ಕೆ ನಿನ್ನ ಬಿಳೀದು ಕತ್ತರ್ಸಿ ಹಾಕು.”

ಅವನು ಬಿಳಿಯ ಟೈಲ್ಸನ್ನು ಕತ್ತರಿಸಿ, ಉಜ್ಜಿ, ಅಂಚಿಗೆ ಅಂಚು ಹೊಂದಿಸಿ ಕೂರಿಸಿದ. ಅರ್ಧ ನೀಲಿ ಬಾಲ, ಅರ್ಧ ಏನೂ ಇಲ್ಲದ ಬಿಳಿ. ಚೆಂದ ಎಂದು ಹೇಳಲಾರೆ. ದಾಮು ಅಷ್ಟರಲ್ಲಿ ಬಸ್ಸಿಳಿದು ಬಂದು ಗುಂಪಿನ ಹಿಂದೆ ನಿಂತಿದ್ದ. ಅಜ್ಜಿ ಅವನನ್ನು ಮನೆಗೆ ಕರೆತಂದು ಜಗಲಿಯಲ್ಲಿ ಕೂರಿಸಿದಳು. ಚಿಕ್ಕಿ ಒಳಗೆ ಒಲೆಯ ಮುಂದೆ ಹೋಗಿ ಕೂತಳು, ನಾನು ಬಾಗಿಲ ಸಂದಿಯಲ್ಲಿ ನಿಂತೆ.

“ಅದು ಅರ್ಧವೇ ಅಲ್ದಾ ಅಮ್ಮ?” ಎಂದ ದಾಮು. ಅವನ ದನಿಯಲ್ಲಿ ಕುಹಕವಿರಲಿಲ್ಲ.

“ಹೌದು, ಅರ್ಧವೇ.” ಅಜ್ಜಿ ಅವನ ಮುಖ ನೋಡದೆ ಮಾತಾಡಿದಳು. “ದಾಮು, ನನ್ನ ಮಗ ಮಾಡಿದ ಕೆಲ್ಸಕ್ಕೆ ನಿಮ್ಮ ಎದ್ರು ಬಾಯಿ ಬಿಡೂಕೆ ನಂಗೆ ಮುಖ ಇಲ್ಲ. ಅದ್ಕೇ ಇರು ಅಂತ ಅವ್ಳಿಗೆ ನಾ ಹೇಳ್ಲಿಲ್ಲ. ಹ್ಯಾಂಗೆ ಹೇಳೂದು? ಅವ್ಳು ಹೋತೆ ಅಂದ್ರೆ ತಡೆಯೂಕೆ ನಂಗೆ ಹಕ್ಕಿಲ್ಲ. ಆದ್ರೆ ನಂಗೆ ಅವ್ಳು ಬೇಕು.”

ಅಜ್ಜಿ ಯಾರನ್ನೂ ಹೀಗೆ ಬೇಕು ಎಂದು ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ, ನನ್ನನ್ನೂ ಅವಳು ಹಾಗೆ ಅಂದಿರಲಿಲ್ಲ. ಇಷ್ಟು ದಿನ ನನ್ನೊಳಗೆ ಗಂಟುಕಟ್ಟಿದ್ದ ಸಿಟ್ಟು ಒಮ್ಮೆಗೇ ಸಡಿಲವಾಯಿತು. ಆಮೇಲೆ ನಾನು ದೊಡ್ಡವಳಾಗಿ ಪ್ರೀತಿ ಮಾಡಿದಾಗ, ಮಗಳು ಹಾಸ್ಟೆಲ್ಲಿಗೆ ಹೊರಟಾಗ, ಗೆಳತಿ ಮುನಿಸಿಕೊಂಡಾಗ ಬಾಯಿಬಿಟ್ಟು ನೀನು ಬೇಕು ಎಂದು ಹೇಳಿದ್ದೇನೆ. ಅದನ್ನು ಕಲಿತದ್ದು ಆ ಬಾಗಿಲ ಸಂದಿಯಲ್ಲಿ.

ಒಲೆಯ ಮುಂದೆ ಕೂತವಳಿಗೂ ಮಾತು ಕೇಳಿಸಿತ್ತು. ಚಿಕ್ಕಿ ಹೊರಗೆ ಬಂದಳು, ಕಣ್ಣು ಕೆಂಪಾಗಿತ್ತು, ಹೊಗೆಯೆಂದು ಯಾರೂ ನಂಬುವಂತಿರಲಿಲ್ಲ.

“ಅಣ್ಣ, ಊಟ ಮಾಡ್ಕಂಡು ಹೋಗು. ನಮ್ಮ ಆಯಿಗೆ ಒಂದಿಷ್ಟು ಒಣಮೀನು ಕಟ್ಟಿಕೊಡ್ತೆ.”

ದಾಮು ತಂಗಿಯ ಮುಖ ನೋಡಿದ. ಆಮೇಲೆ ಕೈ ತೊಳೆಯಲು ಎದ್ದ. ಹೊಟ್ಟೆತುಂಬ ಉಂಡ, ಎರಡನೇ ಸಲ ಸಾರು ಕೇಳಿ ಹಾಕಿಸಿಕೊಂಡ, ಒಣಮೀನಿನ ಗಂಟು ಹಿಡಿದು ಒಬ್ಬನೇ ಬಸ್ಸಿಗೆ ನಡೆದ. ಅವನಿಗೂ ಹಗುರವಾದಂತೆ ಕಂಡಿತು. ಅವನನ್ನು ಕಳಿಸಿ ಬಂದ ಚಿಕ್ಕಿ ಜಗಲಿಯಲ್ಲಿ ಅಜ್ಜಿಯ ಎದುರು ಕುಸಿದು ಕೂತಳು.

“ಅತ್ತೆ, ನಾ ಹೊರಟೇಬಿಟ್ಟಿದ್ರೆ ಎಂತ ಮಾಡ್ತಿದ್ರಿ?”

“ಎಂತ ಮಾಡೂದು,” ಎಂದಳು ಅಜ್ಜಿ. “ಬೆಳಗಾದ್ರೆ ಬುಟ್ಟಿ ಹೊತ್ಕಂಡು ಮಂಜಗುಣಿ ಬಸ್ಸು ಹತ್ತತಿದ್ದೆ. ನನ್ನ ಕಾಟ ತಪ್ತಿತ್ತು ಅಂತ ಮಾಡಿದ್ಯಾ ನೀನು?”

ಚಿಕ್ಕಿ ನಗಲು ಹೋಗಿ ಅತ್ತಳು. ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಬಾಗಿಲ ಸಂದಿಯಿಂದ ಬಂದು ಇಬ್ಬರ ನಡುವೆ ತೂರಿಕೊಂಡು ಕೂತೆ. ಏಳು ಎಂದು ಯಾರೂ ಹೇಳಲಿಲ್ಲ.